ಇಂಜಿನ್ನಿನ ಮೂರನೇ ಬಾಯಿ

ಕಾರ್ಖಾನೆಯ ಗೇಟಿನ ಮುಂದೆ ಮುಷ್ಕರ ಕೂತಿದ್ದವರ ಮೇಲೆ ಕಾರು ಹರಿಯಿತು. ಒಬ್ಬ ಹೆಂಗಸು ಸತ್ತಳು. ಪೆಡಲಿನಿಂದ ಕಾಲು ತೆಗೆದರೂ ಗಾಡಿ ನಿಲ್ಲಲಿಲ್ಲ ಎಂದು ಡ್ರೈವರ್ ಹೇಳಿದ. ಪೊಲೀಸರು ಅದನ್ನು ಬರೆದುಕೊಳ್ಳಲಿಲ್ಲ. ಕೊಲೆ ಎಂದು ಬರೆದುಕೊಂಡು ಅವನನ್ನು ಒಳಗೆ ಹಾಕಿದರು.

ಪೊಲೀಸರ ತಪಾಸಣೆ ಮುಗಿದ ಮೇಲೆ ಅವರ ಶೆಡ್ಡಿನಿಂದ ಬಿಡಿಸಿ ಎಳೆದು ತಂದ ಆ ಕಾರು ಈಗ ಡ್ರೈವರನ ಮನೆಯ ಅಂಗಳದಲ್ಲಿ ಬಾನೆಟ್ ತೆರೆದುಕೊಂಡು ನಿಂತಿತ್ತು. ಅಂಗಳ ಎಂದರೆ ಗೋಡೆಗೂ ಕಾಂಪೌಂಡಿಗೂ ನಡುವಿನ ಸಿಮೆಂಟ್ ನೆಲ. ಒಂದು ಕಡೆಯ ಬಾಗಿಲು ತೆರೆದರೆ ಗೋಡೆಗೆ ಬಡಿಯುತ್ತಿತ್ತು. ಬೀದಿಯ ಕಡೆಯ ಕಿಟಕಿಗೆ ಗಾಜಿರಲಿಲ್ಲ, ರಟ್ಟಿತ್ತು. ಗಾಜು ಯಾರ ಕಲ್ಲಿಗೆ ಹೋಯಿತೆಂದು ಆ ಮನೆಯವರು ಕೇಳಲಿಲ್ಲ. ಬೀದಿಯ ಎಲ್ಲ ಮನೆಯಿಂದಲೂ ಒಬ್ಬರಾದರೂ ಆ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು.

"ನಿಧಾನ ಆಯ್ತು ಮೇಸ್ತ್ರಿ," ಎಂದಳು ಸರ್ವೇಯರಮ್ಮ.

ಅಪಘಾತವಾದ ಗಾಡಿಗಳನ್ನು ನೋಡಿ ವರದಿ ಬರೆಯುವುದು ಅವಳ ಕೆಲಸವಾಗಿತ್ತು. ಹೇಳಿದಂತೆ ಬರೆಯಲಿಲ್ಲ ಎಂದು ವಿಮಾ ಕಂಪನಿ ಹೊರಗೆ ಹಾಕಿತು. ಅಂದಿನಿಂದ ಯಾರ ಮನೆಯಲ್ಲಿ ಇಂಥ ಕತ್ತಲೆ ಕವಿದಿದೆಯೋ ಅಲ್ಲಿಗೆ ಬರುತ್ತಾಳೆ. ತಲೆ ಅರ್ಧ ನೆರೆತಿದೆ, ನಾಲಿಗೆ ಪೂರ್ತಿ ಹರಿತ.

"ಹಳೇ ಗಾಡಿ ಮೇಡಂ. ಅವಸರ ಮಾಡಿದ್ರೆ ಸ್ಟಡ್ ಬೋಲ್ಟು ಮುರಿಯುತ್ತೆ," ಎಂದ ಮೇಸ್ತ್ರಿ. ಡ್ರೈವರನ ಹೆಂಡತಿಯ ಅಣ್ಣ ಅವನು. ಊರಂಚಿನಲ್ಲಿ ಒಂದು ಗ್ಯಾರೇಜ್ ಇಟ್ಟುಕೊಂಡಿದ್ದ. "ಬಿಚ್ಚೋದು ಬೇಡ ಅಂತ ಬೆಳಿಗ್ಗೆಯಿಂದ ಹೇಳ್ತಾನೇ ಇದ್ದೀನಿ. ಏನೂ ಸಿಗಲ್ಲ."

"ಸಿಗಲ್ಲ ಅಂದ್ರೆ ಬಿಚ್ಚೋಕೆ ಭಯ ಯಾಕೆ?"

"ಭಯ ಯಾರಿಗೆ?" ಎಂದು ಅವನು ತಲೆ ಒಳಗೆ ಹಾಕಿದ.

ಬೆಳಿಗ್ಗೆ ಠಾಣೆಯ ಗುಮಾಸ್ತೆಯೊಬ್ಬಳು ಸರ್ವೇಯರಮ್ಮನ ಕಿವಿಯಲ್ಲಿ ಹೇಳಿದ್ದಳು: ಸಂಜೆಗೆ ಮುಂಚೆ ಲಾರಿ ಬರುತ್ತದೆ, ಕಾರನ್ನು ಮತ್ತೆ ಎತ್ತಿಕೊಂಡು ಹೋಗುತ್ತಾರೆ. ನಾಳೆ ನ್ಯಾಯಾಲಯದಲ್ಲಿ ಜಾಮೀನಿನ ವಿಚಾರಣೆ. ಇವತ್ತು ಈ ಅಂಗಳದಲ್ಲಿ ಏನೂ ಸಿಗದಿದ್ದರೆ ನಾಳೆ ಹೇಳುವುದಕ್ಕೂ ಏನೂ ಇಲ್ಲ. ಕಾರು ಲಾರಿ ಹತ್ತಿದರೆ ಗುಜರಿ. ಡ್ರೈವರನೂ ಗುಜರಿ.

ಮೇಸ್ತ್ರಿ ಗಾಳಿ ಸೋಸುವ ಡಬ್ಬಿ ತೆಗೆದ. ಎಕ್ಸಿಲರೇಟರ್ ಕೇಬಲ್ ಕಳಚಿದ. ಪೆಟ್ರೋಲಿನ ಒತ್ತಡ ಇಳಿಸಿ, ಇಂಜೆಕ್ಟರುಗಳ ಸಾಲನ್ನು ಎತ್ತಿ ಪಕ್ಕಕ್ಕೆ ಕಟ್ಟಿದ. ಸಣ್ಣ ರಬ್ಬರ್ ಪೈಪುಗಳು ಒಂದೊಂದಾಗಿ ಹೊರಬಂದವು. ಅವನ ತಂಗಿ ಪ್ರತಿ ಪೈಪಿನ ತುದಿಗೂ ಅದು ಕೂರುವ ಮೂತಿಗೂ ಒಂದೇ ಬಣ್ಣದ ದಾರ ಕಟ್ಟುತ್ತಾ ಬಂದಳು. ಅವಳು ಟೈಲರ್. ಹಳದಿಗೆ ಹಳದಿ, ಕೆಂಪಿಗೆ ಕೆಂಪು. ತಿರುಗಿ ಜೋಡಿಸುವಾಗ ತಪ್ಪಬಾರದು.

ಜಗುಲಿಯ ಮೇಲೆ ಡ್ರೈವರನ ತಾಯಿ ಗೋಡೆಗೆ ಒರಗಿ ಕೂತಿದ್ದಳು. "ದಾರ ವೇಸ್ಟ್ ಮಾಡ್ಬೇಡ್ವೇ, ಲಂಗಕ್ಕೆ ಬೇಕು," ಎಂದಳು.

"ನಿಮ್ಮ ಮಗನ್ನ ಹೊರಗೆ ತರೋಕೆ ಅತ್ತೆ."

"ಹಂಗಾದ್ರೆ ಉಂಡೆ ಪೂರ್ತಿ ಕಟ್ಟು."

ಮೇಸ್ತ್ರಿ ಒಂದು ದಪ್ಪ ಪೈಪನ್ನು ಎಳೆದ. ಸರ್ವೇಯರಮ್ಮ ಅದನ್ನು ಕೈಯಲ್ಲಿ ಹಿಡಿದು ಟೈಲರಳಿಗೆ ತೋರಿಸಿದಳು.

"ಇದು ಎಲ್ಲಿಗೆ ಹೋಗುತ್ತೆ ಗೊತ್ತಾ? ಬ್ರೇಕಿಗೆ. ಇಂಜಿನ್ ಉಸಿರು ಎಳೆಯುತ್ತಲ್ಲ, ಆ ಎಳೆತದ ಬಲದಲ್ಲೇ ಬ್ರೇಕ್ ಪೆಡಲು ಮೆತ್ತಗಿರೋದು. ನಿನ್ನ ಗಂಡ ಮೊದಲ ದಿನ ಏನಂದ?"

"ಬ್ರೇಕು ಕಲ್ಲಾಗಿತ್ತು, ಎದ್ದು ನಿಂತು ತುಳಿದೆ ಅಂದ್ರು. ಎಲ್ಲಾ ನಕ್ಕರು. ಎಕ್ಸಿಲರೇಟರೂ ಕೆಟ್ಟಿತ್ತಂತೆ, ಬ್ರೇಕೂ ಕೆಟ್ಟಿತ್ತಂತೆ, ಕುಣಿಯಲಾರದವಳಿಗೆ ನೆಲ ಡೊಂಕಂತೆ ಅಂದ್ರು."

"ಎರಡಲ್ಲ, ಕೆಟ್ಟಿದ್ದು ಒಂದೇ. ಗಂಟಲು ತೆರೆದೇ ಉಳಿದ್ರೆ ಒಳಗೆ ಎಳೆತ ಇರಲ್ಲ. ಎಳೆತ ಇಲ್ದಿದ್ರೆ ಬ್ರೇಕು ಒಂದೆರಡು ತುಳಿತಕ್ಕೆ ಕಲ್ಲು. ಅವನು ಹೇಳಿದ್ದು ಅಕ್ಷರಶಃ ನಿಜ. ಸುಳ್ಳು ಹೇಳೋನಿಗೆ ಇಷ್ಟು ಸರಿಯಾಗಿ ಹೊಂದೋ ಎರಡು ಸುಳ್ಳು ಹೊಳೆಯಲ್ಲ ತಾಯಿ."

ಟೈಲರಳ ಕೈಯಲ್ಲಿದ್ದ ದಾರ ನಿಂತಿತು. ಅವಳು ಅಳಲಿಲ್ಲ. ಅಳುವುದನ್ನು ಅವಳು ಮೊದಲ ವಾರದಲ್ಲೇ ಮುಗಿಸಿದ್ದಳು.

ಗಂಟಲು ಎಂದರೆ ಥ್ರಾಟಲ್. ಗಾಳಿ ಹಂಚುವ ಮ್ಯಾನಿಫೋಲ್ಡಿನ ಬಾಯಿಗೆ ಅಡ್ಡ ನಿಂತ ಒಂದು ಹಿತ್ತಾಳೆಯ ಬಿಲ್ಲೆ. ಕಡ್ಡಿಯೊಂದಕ್ಕೆ ಎರಡು ಸ್ಕ್ರೂಗಳಿಂದ ಅದನ್ನು ಕೂರಿಸಿರುತ್ತಾರೆ. ಪೆಡಲು ತುಳಿದರೆ ಬಿಲ್ಲೆ ತಿರುಗಿ ದಾರಿ ಬಿಡುತ್ತದೆ, ಬಿಟ್ಟರೆ ಮುಚ್ಚುತ್ತದೆ. ಅದರ ಹಿಂದೆ ಮ್ಯಾನಿಫೋಲ್ಡಿನ ಹೊಟ್ಟೆ, ಹೊಟ್ಟೆಯಿಂದ ನಾಲ್ಕು ಕವಲು, ನಾಲ್ಕೂ ಇಂಜಿನ್ನಿನ ನಾಲ್ಕು ಬಾಯಿಗೆ. ಅಷ್ಟೇ. ಗಾಳಿ ಹೋಗುವ ದಾರಿ. ಅಷ್ಟು ಸರಳವಾದ ದಾರಿಯೊಳಗೆ ಒಬ್ಬ ಮನುಷ್ಯನ ಬದುಕು ಸಿಕ್ಕಿಕೊಂಡಿತ್ತು.

ಕಾರು ಡ್ರೈವರನದೇ. ಕಾರ್ಖಾನೆಯ ಮ್ಯಾನೇಜರನ್ನು ಹೊತ್ತು ತಿರುಗಲು ಬಾಡಿಗೆಗೆ ಬಿಟ್ಟಿದ್ದ. ರಿಪೇರಿ ಮಾತ್ರ ಕಾರ್ಖಾನೆಯ ಗ್ಯಾರೇಜಿನಲ್ಲೇ ಆಗಬೇಕೆಂಬುದು ಅವರ ಕರಾರು. ಪೆಡಲು ಅಂಟುತ್ತಿದೆ ಎಂದು ಅವನು ಅಲ್ಲಿ ಹೇಳಿದ್ದ. ನೋಡಿದ್ದೀವಿ, ಹೋಗು ಎಂದಿದ್ದರು. ದೋಷ ಇತ್ತು ಎಂದಾದರೆ ಸಾವು ಕಾರ್ಖಾನೆಯದಾಗುತ್ತದೆ. ಇಲ್ಲ ಎಂದಾದರೆ ಡ್ರೈವರನದು. ಪೊಲೀಸರ ತಜ್ಞ 'ಇಂಜಿನ್ ಚಾಲೂ ಮಾಡಿ ನೋಡಲಾಗಿದೆ, ದೋಷವಿಲ್ಲ' ಎಂದು ಸಹಿ ಹಾಕಿದ್ದ. ಕಾನೂನಿಗೆ ಕಣ್ಣಿಲ್ಲ ಎನ್ನುತ್ತಾರೆ. ಕಣ್ಣಿಲ್ಲದಿರಬಹುದು, ಮೂಗಿದೆ, ಯಾವ ಮನೆಯ ಒಲೆ ಆರಿದೆ ಎಂದು ಮೂಸಿಯೇ ಬರುತ್ತದೆ.

ಬೆಳಿಗ್ಗೆ ಟಾರ್ಚ್ ಬಿಟ್ಟು ನೋಡಿದಾಗ ಬಿಲ್ಲೆಯ ಎರಡು ಸ್ಕ್ರೂಗಳಲ್ಲಿ ಒಂದು ಕಪ್ಪಗಿತ್ತು, ಇನ್ನೊಂದು ಫಳಫಳ ಹೊಳೆಯುತ್ತಿತ್ತು.

"ಒಂದು ಹುಟ್ಟಿದ ಹಲ್ಲು, ಒಂದು ಕಟ್ಟಿಸಿದ್ದು," ಎಂದಿದ್ದಳು ಸರ್ವೇಯರಮ್ಮ. ಹಳೆಯ ಸ್ಕ್ರೂ ಸಡಿಲವಾಗಿ ಅರ್ಧ ಹೊರಗೆ ಬಂದು ಗೋಡೆಗೆ ಕಚ್ಚಿಕೊಂಡರೆ ಬಿಲ್ಲೆ ತೆರೆದಂತೆಯೇ ನಿಲ್ಲುತ್ತದೆ. ಹಾಗಾದರೆ ಆ ಹಳೆಯ ಸ್ಕ್ರೂ ಎಲ್ಲಿ? ಬಿದ್ದಿದ್ದರೆ ಮ್ಯಾನಿಫೋಲ್ಡಿನ ಹೊಟ್ಟೆಯಲ್ಲಿ. ಅದಕ್ಕೇ ಈ ಆಪರೇಷನ್.

ಸಾಕ್ಷಿಗೆ ಹೊರಗಿನವರು ಬೇಕಿತ್ತು. ಅವಳು ಕಾರ್ಮಿಕ ಸಂಘದ ಅಧ್ಯಕ್ಷನಿಗೆ ಫೋನ್ ಮಾಡಿದ್ದಳು. ಸತ್ತವಳ ಫೋಟೋ ಎದೆಗೆ ಹಿಡಿದು ಮೆರವಣಿಗೆಯ ಮುಂದೆ ನಡೆದವನು ಅವನು. ಆದರೂ ಈ ಮನೆಗೆ ಬಂದು ಟೈಲರಳ ತಲೆಯ ಮೇಲೆ ಕೈಯಿಟ್ಟು "ನಿನ್ನ ಮೇಲೆ ನಮಗೆ ಸಿಟ್ಟಿಲ್ಲ ತಂಗಿ" ಎಂದವನೂ ಅವನೊಬ್ಬನೇ. "ಒಳ್ಳೇ ಕೆಲಸ ಮೇಡಂ. ಇಬ್ಬರನ್ನ ಕರ್ಕೊಂಡು ನಾನೇ ಬರ್ತೀನಿ. ಅಲ್ಲೀವರೆಗೂ ಮ್ಯಾನಿಫೋಲ್ಡ್ ಎತ್ತಬೇಡಿ," ಎಂದಿದ್ದ.

ಮಧ್ಯಾಹ್ನ ಜಾರಿತು. ಯಾರೂ ಬರಲಿಲ್ಲ.

"ಇನ್ನು ಕಾಯೋಕೆ ಆಗಲ್ಲ. ಎತ್ತಿ," ಎಂದಳು ಸರ್ವೇಯರಮ್ಮ.

"ಸಾಕ್ಷಿ?" ಎಂದ ಮೇಸ್ತ್ರಿ.

"ನಾನಿಲ್ವೇನೋ?" ಎಂದಳು ಮುದುಕಿ ಜಗುಲಿಯಿಂದ. "ನನಗೆ ಕಣ್ಣಿಲ್ವಾ?"

"ನೀವು ಆರೋಪಿಯ ತಾಯಿ ಅಜ್ಜಿ. ಕೋರ್ಟು ಒಪ್ಪಲ್ಲ."

"ತಾಯಿ ಅಂದ್ರೆ ಕುರುಡಿ ಅಂತ ಕಾನೂನಲ್ಲಿ ಬರ್ದಿದ್ಯಾ?"

ಸರ್ವೇಯರಮ್ಮನಿಗೆ ನಗು ಬಂತು. ಆದರೆ ಅವಳ ಕಣ್ಣು ಮೇಸ್ತ್ರಿಯ ಕೈಯನ್ನು ಬಿಡಲಿಲ್ಲ.

ಮ್ಯಾನಿಫೋಲ್ಡಿನ ಕೆಳಗೆ ಒಂದು ಆಸರೆಪಟ್ಟಿ ಇರುತ್ತದೆ. ಅದರ ಬೋಲ್ಟು ಮೇಲಿನಿಂದ ಕಾಣುವುದಿಲ್ಲ. ಇದೇ ಜಾತಿಯ ಗಾಡಿಗಳನ್ನು ಅವಳು ಲೆಕ್ಕವಿಲ್ಲದಷ್ಟು ನೋಡಿದ್ದಳು. ಎಂಥ ಮೇಸ್ತ್ರಿಯಾದರೂ ಮೊದಲ ಸಲ ಕೆಳಗೆ ಕೈಯಾಡಿಸಿ, ಬೈದು, ಕನ್ನಡಿ ಹಿಡಿದು ಹುಡುಕುತ್ತಾನೆ. ಈ ಮೇಸ್ತ್ರಿಯ ಕೈ ಸೀದಾ ಹೋಯಿತು. ಗೂಟಕ್ಕೆ ನೇತುಹಾಕಿದ ಅಂಗಿ ತೆಗೆದುಕೊಳ್ಳುವವನಂತೆ ಹೋಯಿತು.



ಅವನು ಪಾನಾ ಹಾಕಿ ತುದಿಯ ನಟ್ಟಿನಿಂದ ಶುರುಮಾಡಿದ. ವರ್ಷಗಟ್ಟಲೆ ಬಿಸಿಯಲ್ಲಿ ಬೆಂದ ನಟ್ಟು ಮೊದಲ ತಿರುವಿಗೆ ಕಿರುಚಬೇಕು, ತುಕ್ಕು ಉದುರಬೇಕು. ಇವು ಉಪ್ಪಿನ ಡಬ್ಬಿಯ ಮುಚ್ಚಳದಂತೆ ಬಂದವು. ಒಂದಾದ ಮೇಲೊಂದು, ಸದ್ದಿಲ್ಲದೆ.

"ಎಷ್ಟು ಸಲೀಸು," ಎಂದಳು ಅವಳು.

"ಎಣ್ಣೆ ಬಿಟ್ಟಿದ್ದೆ."

"ಯಾವಾಗ? ನಾನು ನೋಡಲಿಲ್ವಲ್ಲ."

ಅವನು ಮ್ಯಾನಿಫೋಲ್ಡಿನ ಎರಡೂ ಬದಿ ಹಿಡಿದು ಅಲ್ಲಾಡಿಸಿದ. ಗಾಳಿ ಸೋರದಂತೆ ನಡುವೆ ಕೂರಿಸಿದ್ದ ಗ್ಯಾಸ್ಕೆಟ್ ಬಿಟ್ಟಿತು. ಅಲ್ಯೂಮಿನಿಯಂ ಗೊಂಚಲನ್ನು ಸ್ಟಡ್ಡುಗಳಿಂದ ಈಚೆಗೆ ಎಳೆದು, ಎದೆಗೆ ಅವಚಿ ತಂದು ಚಾದರದ ಮೇಲೆ ಮಲಗಿಸಿದ. ತಂಗಿ ಬಗ್ಗಿ ಅದರ ಬಾಯೊಳಗೆ ನೋಡಿದಳು. ಅಲುಗಾಡಿಸಿದಳು. ತಲೆಕೆಳಗೆ ಮಾಡಿ ತಟ್ಟಿದಳು. ಒಂದಿಷ್ಟು ಕರಿ ಮಸಿ ಉದುರಿತು.

ಸ್ಕ್ರೂ ಇರಲಿಲ್ಲ.

"ನಾನು ಹೇಳಲಿಲ್ವಾ?" ಎಂದ ಮೇಸ್ತ್ರಿ. ದನಿಯಲ್ಲಿ ಗೆದ್ದ ಸಂತೋಷವಿರಲಿಲ್ಲ. ಬೇಗ ಮುಚ್ಚಿಬಿಡೋಣ ಎಂಬ ಆತುರವಿತ್ತು. "ಏನೂ ಇಲ್ಲ. ಪುಟ್ಟಿ, ಆ ಹಳೇ ಬನಿಯನ್ ಕೊಡು, ಬಾಯಿಗೆ ತುರುಕ್ತೀನಿ. ಕಸ ಬಿದ್ರೆ ಇಂಜಿನ್ ಹಾಳು."

ಟೈಲರ್ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. "ಅಂದ್ರೆ ಇಷ್ಟೇನಾ? ನಾಳೆ ಏನು ಹೇಳೋದು? ಏನು ಹೇಳೋದು ಮೇಡಂ ನಾಳೆ?"

ಸರ್ವೇಯರಮ್ಮ ಹಳೆಯ ಗ್ಯಾಸ್ಕೆಟನ್ನು ಬೆಳಕಿಗೆ ಹಿಡಿದಿದ್ದಳು. ಒಂದು ತುದಿ ಚಪ್ಪಟೆಯಾಗಿ ಹಾಳೆಯಂತಾಗಿತ್ತು, ಇನ್ನೊಂದು ತುದಿ ದಪ್ಪಗೇ ಇತ್ತು.

"ಮೇಸ್ತ್ರಿ, ಮ್ಯಾನಿಫೋಲ್ಡ್ ಕೂರಿಸುವಾಗ ನಟ್ಟು ಎಲ್ಲಿಂದ ಬಿಗಿ ಮಾಡ್ತೀರಿ?"

"ಮಧ್ಯದಿಂದ. ಮಧ್ಯದ್ದು ಮೊದಲು, ಆಮೇಲೆ ಆಕಡೆ ಒಂದು ಈಕಡೆ ಒಂದು. ಸ್ವಲ್ಪ ಸ್ವಲ್ಪ."

"ಇದನ್ನ ಯಾರೋ ಒಂದು ತುದಿಯಿಂದ ಶುರು ಮಾಡಿ ಒಂದೇ ಸಲ ಬಿಗಿದಿದ್ದಾರೆ. ಹೊಸ ಗ್ಯಾಸ್ಕೆಟ್ಟೂ ಹಾಕಿಲ್ಲ. ಕೆಲಸ ಗೊತ್ತಿಲ್ಲದವನು. ಇಲ್ಲಾ, ಕೈ ನಡುಗ್ತಿದ್ದವನು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಗಾದೆಯನ್ನು ಅವಳು ಮನಸ್ಸಿನಲ್ಲೇ ನೆನೆದಳು. ಮೇಸ್ತ್ರಿ ಹೆಗಲು ಮುಟ್ಟಲಿಲ್ಲ. ಕೈಯೆರಡನ್ನೂ ಬೆನ್ನ ಹಿಂದೆ ಇಟ್ಟುಕೊಂಡ.

"ಬನಿಯನ್ ಆಮೇಲೆ. ಮೊದಲು ಟಾರ್ಚ್," ಎಂದಳು.

ಮೊದಲ ಬಾಯಿ: ಒಳಗೆ ವಾಲ್ವಿನ ಬೆನ್ನು ಹೊಳೆಯಿತು. ಎರಡನೆಯದೂ ಹಾಗೆಯೇ. ಮೂರನೆಯದರಲ್ಲಿ ಹೊಳೆಯಲಿಲ್ಲ. ಬೆಳಕು ಹೋಗಿ ಯಾವುದಕ್ಕೋ ಮೆತ್ತಗೆ ಅಂಟಿಕೊಂಡಿತು.

ಅವಳು ಉದ್ದ ಮೂತಿಯ ಇಕ್ಕಳ ಒಳಗೆ ಇಳಿಸಿದಳು. ಹಿಡಿದು ಎಳೆದಳು. ಒಂದು ಬಟ್ಟೆಯ ಉಂಡೆ ಹೊರಬಂತು. ಮಸಿ ಮೆತ್ತಿತ್ತು, ಪೆಟ್ರೋಲ್ ವಾಸನೆ ಹೊಡೆಯುತ್ತಿತ್ತು.

"ಯಾರೋ ಬಾಯಿಗೆ ತುರುಕಿ, ತೆಗೆಯೋದನ್ನ ಮರೆತಿದ್ದಾರೆ," ಎಂದಳು ನಿಧಾನವಾಗಿ. "ಇದನ್ನ ಇಟ್ಕೊಂಡು ಇಂಜಿನ್ ಸರಿಯಾಗಿ ಓಡೋಕೆ ಸಾಧ್ಯವೇ ಇಲ್ಲ. ಒಂದು ಬಾಯಿ ಮುಚ್ಚಿದ್ರೆ ಗಾಡಿ ಕುಂಟುತ್ತೆ. ಅವತ್ತು ಬೆಳಿಗ್ಗೆಯಿಂದ ಈ ಕಾರು ಊರೆಲ್ಲ ಓಡಿದೆ. ಹಾಗಿದ್ಮೇಲೆ ಇದು ಒಳಗೆ ಹೋದದ್ದು ಆಮೇಲೆ. ಪೊಲೀಸರ ಶೆಡ್ಡಿನಲ್ಲಿ, ಬೀಗದೊಳಗೆ ಇದ್ದಾಗ. ಚಾಲೂ ಮಾಡಿ ನೋಡಿದೆ ಅಂತ ಬರೆದ ಆ ತಜ್ಞ ಬೀಗದಕೈಯನ್ನೇ ತಿರುಗಿಸಿಲ್ಲ!"

ಮುದುಕಿ ಜಗುಲಿಯಿಂದ ಇಳಿದು ಬಂದಳು. "ಅಂದ್ರೆ ನನ್ನ ಮಗ?"

"ಅಂದ್ರೆ ಯಾರೋ ಇದನ್ನ ಬಿಚ್ಚಿದ್ದಾರೆ, ಬೇಕಾದ್ದನ್ನ ತೆಗೆದಿದ್ದಾರೆ, ಹೊಸ ಸ್ಕ್ರೂ ಹಾಕಿ ತಿರುಗಿ ಕೂರಿಸಿದ್ದಾರೆ. ಯಾರು ಅನ್ನೋದು ಗೊತ್ತಾದ್ರೆ ನಿಮ್ಮ ಮಗ ಹೊರಗೆ."

ಟೈಲರ್ ಆ ಬಟ್ಟೆಯನ್ನು ಅವಳ ಇಕ್ಕಳದಿಂದ ಬಿಡಿಸಿಕೊಂಡಿದ್ದಳು. ನಲ್ಲಿಯ ಕೆಳಗೆ ಹಿಡಿದು ಹಿಂಡಿದಳು. ಬಿಡಿಸಿದಳು. ಎರಡು ಬೆರಳಿನ ನಡುವೆ ಉಜ್ಜಿ ನೋಡಿದಳು, ಬಟ್ಟೆ ಅಂಗಡಿಯಲ್ಲಿ ಉಜ್ಜುವಂತೆ. ನಂತರ ಎದ್ದು ಜಗುಲಿಯ ಹೊಲಿಗೆ ಯಂತ್ರದ ಹತ್ತಿರ ಹೋದಳು. ಯಂತ್ರದ ಮೇಲೆ ಅರ್ಧ ಹೊಲಿದ ಲಂಗವೊಂದಿತ್ತು. ಬೂದಿ ಬಣ್ಣ, ಅದರಲ್ಲಿ ನೀಲಿ ಚೌಕುಳಿ.

ಒದ್ದೆ ಚೂರನ್ನು ಲಂಗದ ಮೇಲೆ ಇಟ್ಟಳು. ನೀಲಿಗೆ ನೀಲಿ ಕೂಡಿಕೊಂಡಿತು.

"ಇದು ನನ್ನ ಬಟ್ಟೆ," ಎಂದಳು.

ಚೂರನ್ನು ಎತ್ತಿ ಹಿಡಿದು ತೋರಿಸಿದಳು.

"ಸ್ಕೂಲಿನವರದ್ದು. ಇವರು ಒಳಗೆ ಹೋದ ಮೇಲೆ ಬಂದ ಆರ್ಡರು. ಬೀದಿಯವರು ಯಾರೂ ಒಂದು ರವಿಕೆ ಕೊಡ್ಲಿಲ್ಲ, ಅದಕ್ಕೇ ದೂರದ ಸ್ಕೂಲಿಗೆ ಹೋಗಿ ಕೇಳ್ಕೊಂಡು ತಂದೆ. ಅದಕ್ಕೆ ಮುಂಚೆ ಈ ಬಟ್ಟೆ ಈ ಮನೆಯಲ್ಲೇ ಇರ್ಲಿಲ್ಲ."

"ಕತ್ತರಿಸಿದ ಚೂರೆಲ್ಲ ಎಲ್ಲಿ ಹಾಕ್ತೀಯ?" ಸರ್ವೇಯರಮ್ಮ ಮೆಲ್ಲಗೆ ಕೇಳಿದಳು. ಉತ್ತರ ಅವಳಿಗೆ ಆಗಲೇ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಮೆಲ್ಲಗೆ ಕೇಳಿದಳು.

"ಚೀಲಕ್ಕೆ ತುಂಬಿಡ್ತೀನಿ. ಕೈ ಒರೆಸೋಕೆ ಬೇಕಲ್ಲ ಅಂತ..." ಅವಳು ತಿರುಗಿದಳು. "ಅಣ್ಣಾ?"

ಮೇಸ್ತ್ರಿ ಕಾರಿನ ಮಡ್‌ಗಾರ್ಡಿಗೆ ಒರಗಿ ನಿಂತಿದ್ದ.

"ಬೇರೆ ಯಾರಿಗಾದ್ರೂ ಕೊಟ್ಟಿದ್ದೀಯಾ ಹೇಳಮ್ಮ, ನೆನಪು ಮಾಡ್ಕೋ," ಎಂದಳು ಮುದುಕಿ. ಬೇಡುವಂತಿತ್ತು ಆ ಮಾತು.

"ಇಲ್ಲ ಅತ್ತೆ. ಇವನೊಬ್ಬನಿಗೇ. ಹೇಳೋ ಅಣ್ಣ. ಹೇಳು, ಅಲ್ಲ ಅಂತ ಹೇಳು. ಗ್ಯಾರೇಜಿಂದ ಯಾರೋ ಕದ್ದುಕೊಂಡು ಹೋದ್ರು ಅನ್ನು. ನಾನು ನಂಬ್ತೀನಿ."

"ಪುಟ್ಟಿ..."

"ಪುಟ್ಟಿ ಅನ್ಬೇಡ!"

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಅವನ ಮುಖಕ್ಕೆ ಎಸೆದಳು. ಅದು ಕೆನ್ನೆಗೆ ಬಡಿದು ಮಸಿಯ ಗೆರೆ ಎಳೆದು ಬಿತ್ತು. ಅವನು ಒರೆಸಿಕೊಳ್ಳಲಿಲ್ಲ.

"ಭಾವನ್ನ ಉಳಿಸೋಕೆ ಮಾಡಿದೆ ಕಣೇ," ಎಂದ. "ಒಂದಿನ ಬೆಳಗಾಗೋದ್ರೊಳಗೆ ಬಂದು ಪೊಲೀಸರ ಶೆಡ್ಡಿಗೆ ಕರ್ಕೊಂಡು ಹೋದ್ರು. ಶೆಡ್ಡಲ್ಲಿ ಕರೆಂಟ್ ಇರ್ಲಿಲ್ಲ. ಥ್ರಾಟಲ್ ತೋರಿಸಿದ್ರು. ಸ್ಕ್ರೂ ಹೊರಗೆ ಬಂದು ಕಚ್ಕೊಂಡಿತ್ತು. ನಾನು ಕಣ್ಣಾರೆ ನೋಡಿದೆ. ಭಾವ ಹೇಳಿದ್ದೆಲ್ಲ ನಿಜ ಅಂತ ಆಗ್ಲೇ ಗೊತ್ತಾಯ್ತು ನನಗೆ."

"ಗೊತ್ತಾಗೀ?"

"ಈ ಸ್ಕ್ರೂ ಸಿಕ್ಕಿದ್ರೆ ಡ್ರೈವರೇ ಬೇಕೂಂತ ಸಡಿಲ ಮಾಡಿದ ಅಂತ ಆಗುತ್ತೆ, ಸಂಚು ಮಾಡಿ ಕೊಂದ ಅಂತ ಆಗುತ್ತೆ, ನೇಣಿಗೆ ಹೋಗ್ತಾನೆ ಅಂದ್ರು. ಸ್ಕ್ರೂ ಇಲ್ದಿದ್ರೆ ಬರೀ ಅಪಘಾತ, ಬೇಗ ಬಿಡ್ತಾರೆ ಅಂದ್ರು. ತೆಗೀತಿರುವಾಗ ಅದರ ತಲೆ ಮುರಿದು ಹೊಟ್ಟೆಯೊಳಗೆ ಬಿತ್ತು. ಅದಕ್ಕೇ ಮ್ಯಾನಿಫೋಲ್ಡ್ ಪೂರ್ತಿ ಇಳಿಸ್ಬೇಕಾಯ್ತು. ಚೂರು ಚೂರೂ ಆರಿಸಿ ಅವರ ಕೈಗೆ ಕೊಟ್ಟೆ. ಕೈ ನಿಲ್ತಿರ್ಲಿಲ್ಲ ನನಗೆ."

"ಅವರು ಹೇಳಿದ್ರು, ನೀನು ನಂಬಿದೆ," ಎಂದಳು ಸರ್ವೇಯರಮ್ಮ.

"ನಂಬಿಕೆ ಇಡೋಂಥವರೇ ಹೇಳಿದ್ರು ಮೇಡಂ! ಇನ್‌ಸ್ಪೆಕ್ಟರ್ ಒಬ್ಬನೇ ಹೇಳಿದ್ರೆ ನಾನು ನಂಬ್ತಿದ್ನಾ? ಅವನು ಬಾಗಿಲ ಹತ್ರ ಸಿಗರೇಟ್ ಸೇದ್ಕೊಂಡು ನಿಂತಿದ್ದ. ಮಾತಾಡಿದ್ದೆಲ್ಲ ಟಾರ್ಚ್ ಹಿಡಿದಿದ್ದೋರು."

"ಯಾರು?"

ಅವನು ಗೇಟಿನ ಕಡೆ ನೋಡಿದ.

"ಅಧ್ಯಕ್ಷಣ್ಣ."

ಬೀದಿಯಲ್ಲಿ ಯಾವುದೋ ಸೈಕಲ್ಲಿನ ಗಂಟೆ ಕೇಳಿತು. ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಸರ್ವೇಯರಮ್ಮ ಇಕ್ಕಳವನ್ನು ಚಾದರದ ಮೇಲೆ ಇಟ್ಟಳು. ಸತ್ತವಳ ಫೋಟೋ ಹಿಡಿದವನು. ಒಡಹುಟ್ಟಿದವರೇ, ರಕ್ತಕ್ಕೆ ಉತ್ತರ ಬೇಕು ಎಂದು ಗೇಟಿನ ಮುಂದೆ ಕೂಗಿದವನು. ಹೆಣದ ಬೆಲೆಯನ್ನು ಕಾರ್ಖಾನೆಯ ಜತೆ ಯಾವಾಗ ಮಾತಾಡಿಕೊಂಡ? ಬೇಲಿ ಎದ್ದು ಹೊಲ ಮೇಯುವುದನ್ನು ಅವಳು ಕಂಡಿದ್ದಳು, ಬೇಲಿ ಎಂದರೆ ಅವಳಿಗೆ ಯಾವಾಗಲೂ ಖಾಕಿಯೇ. ಈ ಬೇಲಿಗೆ ಕೆಂಪು ಬಾವುಟ ಕಟ್ಟಿತ್ತು.

ಬೆಳಿಗ್ಗೆ ಅವನಿಗೇ ಫೋನ್ ಮಾಡಿ, ಏನು ಬಿಚ್ಚುತ್ತೇವೆ, ಯಾಕೆ ಬಿಚ್ಚುತ್ತೇವೆ, ಎಲ್ಲವನ್ನೂ ಹೇಳಿದವಳು ತಾನೇ.

"ಆ ಬಟ್ಟೆ ಎತ್ಕೊಳ್ಳಿ," ಎಂದಳು. "ಅಜ್ಜಿ, ಒಳಗೆ ಇಡಿ. ಮೇಸ್ತ್ರಿ, ನಾಳೆ ಕೋರ್ಟಿನಲ್ಲಿ ಇದೇ ಮಾತು ಹೇಳ್ತೀರಾ? ಬಟ್ಟೆ ಒಂದೇ ಸಾಲದು. ಅದು ಬಾಯಿ ಬಿಡಲ್ಲ. ನೀವು ಬಿಡ್ಬೇಕು."

"ಹೇಳಿದ್ರೆ ನಾನು ಒಳಗೆ."

"ಹೌದು. ಸುಳ್ಳು ಹೇಳಲ್ಲ. ನೀವು ಒಳಗೆ."

ಅವನು ತಂಗಿಯನ್ನು ನೋಡಿದ. ಅವಳು ನೋಡಲಿಲ್ಲ. ಚಾದರದ ಮೇಲೆ ಮಲಗಿದ್ದ ಮ್ಯಾನಿಫೋಲ್ಡಿನ ಹತ್ತಿರ ಕೂತು, ಪೈಪುಗಳಿಗೆ ಕಟ್ಟಿದ ದಾರಗಳನ್ನು ಸುಮ್ಮನೆ ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಲಾರಿಯ ಗೇರು ಬದಲಾದ ಸದ್ದು.

ಗೇಟು ತಟ್ಟಲಿಲ್ಲ, ತಳ್ಳಿದರು. ಮೊದಲು ಇನ್‌ಸ್ಪೆಕ್ಟರ್, ಹಿಂದೆ ಇಬ್ಬರು ಪೇದೆಗಳು. ಅವರ ಹಿಂದೆ, ಮನೆಯವನಂತೆ ಚಪ್ಪಲಿ ಬಿಟ್ಟು ಒಳಗೆ ಬಂದವನು ಅಧ್ಯಕ್ಷ. ಲಾರಿ ಕಂಡು ಬೀದಿಯೂ ಬಂತು. ಕಾಂಪೌಂಡಿನ ಮೇಲೆ ತಲೆಗಳು ಮೂಡಿದವು: ಮುಷ್ಕರ ಕೂತವರು, ಕಲ್ಲು ಎಸೆದವರು, ರವಿಕೆ ಕೊಡದವರು.

"ತಂಗಿ," ಎಂದ ಅಧ್ಯಕ್ಷ, "ನಾನು ಬರೋವರೆಗೂ ಎತ್ತಬೇಡಿ ಅಂದಿದ್ದೆನಲ್ಲಮ್ಮ. ಈಗ ನೋಡು. ಇವರಿಗೆ ಯಾರೋ ದೂರು ಕೊಟ್ಟಿದ್ದಾರೆ. ನಾನು ವಿಷಯ ತಿಳಿದು ಓಡಿ ಬಂದೆ."

"ಯಾರೋ ಅಂದ್ರೆ ಯಾರು ಅಧ್ಯಕ್ಷರೇ?" ಎಂದಳು ಸರ್ವೇಯರಮ್ಮ.

"ಮೇಡಂ, ನೀವು ಸುಮ್ನಿರಿ," ಎಂದ ಇನ್‌ಸ್ಪೆಕ್ಟರ್. "ಗಾಡಿ ಕೊಲೆಯ ಸಾಕ್ಷ್ಯ. ಸಾಕ್ಷ್ಯ ಬಿಚ್ಚಿದ್ದೀರಿ. ಮನೆಮಂದಿಯನ್ನೆಲ್ಲ ಈಗಲೇ ಲಾರಿ ಹತ್ತಿಸಬಹುದು. ಈ ಅಧ್ಯಕ್ಷರು ಹೇಳಿದ್ರು ಅಂತ ಒಂದು ಅವಕಾಶ ಕೊಡ್ತೀನಿ. ಹೇಗಿತ್ತೋ ಹಾಗೆ ಕೂರಿಸಿ. ನಾನು ಏನೂ ನೋಡಿಲ್ಲ, ನೀವೂ ಏನೂ ನೋಡಿಲ್ಲ."

"ಎತ್ತಿಕೊಂಡು ಹೋಗೋಕೆ ಆದೇಶ ಎಲ್ಲಿದೆ?"

"ಬರುತ್ತೆ. ಹಿಂದೆ ಬರ್ತಾ ಇದೆ."

"ಆದೇಶ ಹಿಂದೆ, ಲಾರಿ ಮುಂದೆ. ಎತ್ತಿನ ಮುಂದೆ ಗಾಡಿ ಕಟ್ಟಿದ ಹಾಗೆ," ಎಂದಳು ಮುದುಕಿ. ಕಾಂಪೌಂಡಿನಾಚೆ ಯಾರೋ ಕಿಸಕ್ಕನೆ ನಕ್ಕರು. ಇನ್‌ಸ್ಪೆಕ್ಟರ್ ತಿರುಗಿದ ಕೂಡಲೇ ನಗು ನಿಂತಿತು.

ಅಧ್ಯಕ್ಷ ಮೇಸ್ತ್ರಿಯ ಹೆಗಲ ಮೇಲೆ ಕೈ ಹಾಕಿದ. ದನಿ ತಗ್ಗಿಸಿದ. "ಕೂರಿಸಪ್ಪ. ನಿನಗೇನು ಹೊಸದಾ? ತಂಗಿ ಮುಖ ನೋಡು. ಗಂಡ ಒಳಗೆ, ಇನ್ನು ಅಣ್ಣನೂ ಒಳಗೆ ಹೋದ್ರೆ ಇವರಿಗೆ ದಿಕ್ಕು ಯಾರು? ಯಾರು ಬಿಚ್ಚಿದ್ದು ಅಂತ ಬರೆಯೋಕೆ ಇವರಿಗೆ ಒಂದು ಹೆಸರು ಸಾಕು."

ಆಗ ಟೈಲರ್ ಎದ್ದಳು.

"ಕೂರಿಸಿಬಿಡು ಅಣ್ಣ," ಎಂದಳು. ಅವಳ ದನಿ ಹರಿದಿತ್ತು. "ನನಗೆ ಸಾಕಾಯ್ತು. ಒಬ್ಬರನ್ನ ತಗೊಂಡ್ರು. ನಿನ್ನನ್ನೂ ತಗೊಂಡ್ರೆ ನಾನು ಯಾರ ಹತ್ರ ಜಗಳ ಆಡ್ಲಿ? ಕೂರಿಸು. ಹೋಗಲಿ ಈ ಹಾಳು ಗಾಡಿ."

"ಬೇಡ," ಎಂದಳು ಸರ್ವೇಯರಮ್ಮ. ಯಾರೂ ಅವಳ ಕಡೆ ನೋಡಲಿಲ್ಲ.

ಮೇಸ್ತ್ರಿ ಬಗ್ಗಿದ. ಮ್ಯಾನಿಫೋಲ್ಡನ್ನು ಎತ್ತಿ ಎದೆಗೆ ಅವಚಿಕೊಂಡ. ಬೆಳಿಗ್ಗೆ ತಂದಿಟ್ಟಿದ್ದ ಹೊಸ ಗ್ಯಾಸ್ಕೆಟನ್ನು ಸ್ಟಡ್ಡುಗಳಿಗೆ ಪೋಣಿಸಿದ. ಅದರ ಮೇಲೆ ಮ್ಯಾನಿಫೋಲ್ಡನ್ನು ಸರಿಸಿ, ಅಂಗೈಯಿಂದ ತಟ್ಟಿ ಒಳಗೆ ಕೂಡಿಸಿದ. ಒಂದು ನಟ್ಟು ತೆಗೆದುಕೊಂಡ. ಮಧ್ಯದ ಸ್ಟಡ್ಡಿಗೆ ಇಟ್ಟು ಬೆರಳಲ್ಲೇ ತಿರುಗಿಸತೊಡಗಿದ. ಅವನ ಕೈ ನಡುಗುತ್ತ ಇರಲಿಲ್ಲ.

"ಹಾಗೆ," ಎಂದ ಅಧ್ಯಕ್ಷ. "ಬುದ್ಧಿವಂತ."

ಕೈ ನಿಂತಿತು.

ಮೇಸ್ತ್ರಿ ನಟ್ಟನ್ನು ಹಿಂದಕ್ಕೆ ತಿರುಗಿಸಿ ಬಿಚ್ಚಿದ. ಮ್ಯಾನಿಫೋಲ್ಡನ್ನು ಎಳೆದು ಹೊರತೆಗೆದು, ಎಲ್ಲರಿಗೂ ಕಾಣುವಂತೆ ಕಾಂಪೌಂಡಿನ ಗೋಡೆಯ ಮೇಲೆ, ಬೀದಿಯ ತಲೆಗಳ ನಡುವೆ ಇಟ್ಟ.

"ಏನೋ ಅದು?" ಇನ್‌ಸ್ಪೆಕ್ಟರ್ ಮುಂದೆ ಬಂದ. "ಕೂರಿಸು ಅಂದೆ."

"ಇಲ್ಲ ಸ್ವಾಮಿ."

"ಏನಂದೆ?"

"ಅಣ್ಣಾ, ಬೇಡ ಕಣೋ..." ಎಂದಳು ತಂಗಿ.

ಅವನು ತಂಗಿಯ ಕಡೆ ತಿರುಗಲಿಲ್ಲ. ಬೀದಿಗೆಲ್ಲ ಕೇಳುವ ಹಾಗೆ ಹೇಳಿದ:

"ಒಂದ್ಸಲ ಕೂರಿಸಿದ್ದೀನಿ, ನಿಮ್ಮ ಶೆಡ್ಡಲ್ಲಿ. ಈ ಅಧ್ಯಕ್ಷಣ್ಣ ಟಾರ್ಚ್ ಹಿಡಿದಿದ್ರು. ಇನ್ನೊಂದ್ಸಲ ನಾನು ಕೂರಿಸಲ್ಲ."